ಮಗ್ಗದ ಬೆನ್ನಿಗೊಂದು ತಿರುವು

ಮೊಳಕಾಲ್ಮುರು ಸೀಮೆಯಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಕಾಲು ಮಗ್ಗದ ಗುಂಡಿಯೊಳಗೆ, ಕಣ್ಣು ಬುಟ್ಟಾದ ಮೇಲೆ. ನೇಕಾರರ ಬೆನ್ನು ಗಂಟೆಗಟ್ಟಲೆ ಬಾಗಿಯೇ ಇರುತ್ತದೆ.

ಇಂಥ ಬೆನ್ನಿಗೆ ಪಿಲಾಟೆಸ್‌ನ ‘ಸ್ಪೈನ್ ಟ್ವಿಸ್ಟ್’ ಚೆನ್ನಾಗಿ ಒಗ್ಗುತ್ತದೆ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್ ರೂಪಿಸಿದ ವ್ಯಾಯಾಮವಿದು. ಕಾಲು ಚಾಚಿ ನೆಟ್ಟಗೆ ಕೂತು, ತೋಳು ಅಗಲಿಸಿ, ಉಸಿರು ಬಿಡುತ್ತಾ ಎದೆಗೂಡನ್ನಷ್ಟೇ ತಿರುಗಿಸಬೇಕು. ಸೊಂಟದ ಕೆಳಭಾಗ ಕದಲಬಾರದು.

ಗುಟ್ಟು ಇರುವುದೇ ಇಲ್ಲಿ! ಸೊಂಟದ 5 ಮೂಳೆಗಳು ತಿರುಗುವುದು ತೀರಾ ಕಡಿಮೆ, ಎದೆಯ ಹಿಂದಿನ 12 ಮೂಳೆಗಳು ಹೆಚ್ಚು. ಎದೆಭಾಗ ಸಡಿಲಗೊಂಡರೆ ಸೊಂಟದ ಮೇಲಿನ ಎಳೆತ ತಗ್ಗಬಹುದು. ಹೊಟ್ಟೆಯ ಪಕ್ಕದ ಸ್ನಾಯುಗಳಿಗೂ ಕೆಲಸ ಸಿಗುತ್ತದೆ.

ಡಿಸ್ಕ್ ಜಾರಿದವರು, ಮೂಳೆ ಟೊಳ್ಳಾದವರು ಮೊದಲು ವೈದ್ಯರನ್ನು ಕೇಳಲೇಬೇಕು. ಉಳಿದವರು ಎರಡೂ ಕಡೆ ನಾಲ್ಕೈದು ಬಾರಿ, ನಿಧಾನವಾಗಿ.