ಡಾಂಬರಿಗಿಳಿದ ಹಿಮಬಂಡಿ

ಅಮೆರಿಕದ ಮಿನೆಸೋಟಾ, ವಿಸ್ಕಾನ್ಸಿನ್, ಮಿಷಿಗನ್‌ನಂಥ ಉತ್ತರದ ರಾಜ್ಯಗಳಲ್ಲೂ ಪಕ್ಕದ ಕೆನಡಾದಲ್ಲೂ ಸ್ನೋಮೊಬೈಲ್ ಚಳಿಗಾಲದ ವಾಹನ. ಹಿಮ ಕರಗಿದ ಮೇಲೆ ಅದು ಶೆಡ್ಡು ಸೇರಬೇಕು. ಆದರೆ ವೇಗದ ಹುಚ್ಚು ಹತ್ತಿದವರಿಗೆ ಮುಂದಿನ ಚಳಿಗಾಲದವರೆಗೆ ಕಾಯುವ ತಾಳ್ಮೆಯಿಲ್ಲ. ಮಿನೆಸೋಟಾದ ‘ಹೇ ಡೇಸ್’ ಮೇಳದಲ್ಲಿ ಸೆಪ್ಟೆಂಬರಿನಲ್ಲೇ ಹುಲ್ಲಿನ ಮೇಲೆ ಪಂದ್ಯ ನಡೆಯುತ್ತದೆ. ಇನ್ನು ಕೆಲವರು ಕಾರು, ಬೈಕುಗಳ ಡ್ರ್ಯಾಗ್ ರೇಸಿಗೆಂದು ಮಾಡಿದ ಡಾಂಬರು ಪಟ್ಟಿಗೇ ಅದನ್ನು ಇಳಿಸುತ್ತಾರೆ. ಎರಡು ಬಂಡಿ, ನೇರ ದಾರಿ, 660 ಅಥವಾ 1320 ಅಡಿ ದೂರ. ಹಸಿರು ದೀಪ ಹತ್ತಿದ ಕೆಲವೇ ಸೆಕೆಂಡುಗಳಲ್ಲಿ ಸೋಲು ಗೆಲುವು ತೀರ್ಮಾನವಾಗಿರುತ್ತದೆ.

ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ಮಾರುಕಟ್ಟೆಗೆ ತಂದ ‘ಸ್ಕೀ-ಡೂ’ ಬಂಡಿಯಲ್ಲಿದ್ದ ಮೂಲ ರಚನೆ ಇಂದಿಗೂ ಬದಲಾಗಿಲ್ಲ. ಮುಂದೆ ಹಿಡಿಕೆಗೆ ತಿರುಗುವ ಜಾರುಹಲಗೆಗಳು. ಹಿಂದೆ, ನಮ್ಮೂರಿನ ಹಿಟಾಚಿ ಯಂತ್ರದ ಕೆಳಗಿರುವಂತೆ, ಸುತ್ತುತ್ತಲೇ ಇರುವ ಪಟ್ಟೆ. ಇಲ್ಲಿ ಅದು ರಬ್ಬರಿನದು. ಇಂಥ ಬಂಡಿಯನ್ನು ಡಾಂಬರಿಗೆ ತಂದ ಕೂಡಲೇ ಒಂದು ಸಂಗತಿ ಎದ್ದು ಕಾಣುತ್ತದೆ. ಹಿಮ ಬರೀ ನೆಲವಾಗಿರಲಿಲ್ಲ, ಬಂಡಿಯ ಎಷ್ಟೋ ಕೆಲಸಗಳನ್ನು ಸದ್ದಿಲ್ಲದೆ ಮಾಡಿಕೊಡುತ್ತಿತ್ತು. ಆ ಕೆಲಸಗಳನ್ನೆಲ್ಲ ಈಗ ಬೇರೆ ಯಾವುದಕ್ಕಾದರೂ ವಹಿಸಬೇಕು. ಡಾಂಬರಿನ ಟ್ಯೂನಿಂಗ್ ಶುರುವಾಗುವುದೇ ಇಲ್ಲಿಂದ.

ಎಂಜಿನ್ ತಂಪಾಗಿಸುವ ಕೆಲಸವನ್ನೇ ನೋಡಿ. ಇಂದಿನ ಹೆಚ್ಚಿನ ಸ್ನೋಮೊಬೈಲುಗಳಲ್ಲಿ ಎಂಜಿನ್ನಿನ ಬಿಸಿನೀರು ಪಟ್ಟೆಯ ಮೇಲಿರುವ ಅಲ್ಯೂಮಿನಿಯಂ ಕೊಳವೆಗಳಲ್ಲಿ ಹರಿಯುತ್ತದೆ. ಪಟ್ಟೆ ಎರಚುವ ಹಿಮ ಆ ಕೊಳವೆಗಳಿಗೆ ಬಡಿದು ನೀರು ತಣ್ಣಗಾಗುತ್ತದೆ. ಡಾಂಬರಿನ ಮೇಲೆ ಎರಚಲು ಏನೂ ಇಲ್ಲ. ಹಾಗಾಗಿ ಒಂದು ಓಟ ಮುಗಿದ ಕೂಡಲೇ ಹೊರಗಿನಿಂದ ಪೈಪು ಜೋಡಿಸಿ, ಪಂಪಿನಿಂದ ಐಸ್ ಹಾಕಿದ ನೀರು ಹಾಯಿಸಿ ಎಂಜಿನ್ ತಣಿಸುತ್ತಾರೆ. ಪಟ್ಟೆಯ ಒಳಮೈ ಜಾರುವ ಪ್ಲಾಸ್ಟಿಕ್ ಹಳಿಗಳಿಗೂ ಹಿಮವೇ ಎಣ್ಣೆಯಾಗಿತ್ತು. ಅದಿಲ್ಲದಿದ್ದರೆ ಹಳಿ ಕರಗಿ ಪಟ್ಟೆಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಭಾರವೆಲ್ಲ ಪುಟ್ಟ ಚಕ್ರಗಳ ಮೇಲೆ ಬೀಳುವಂತೆ ಹೆಚ್ಚುವರಿ ಚಕ್ರ ಕೂಡಿಸುತ್ತಾರೆ. ಮುಂದಿನ ಜಾರುಹಲಗೆಗಳಿಗೂ ಚಕ್ರ ಬರುತ್ತದೆ.

ಮೂರನೆಯದು ಜಾರುವಿಕೆ. ಹಿಮದಲ್ಲಿ ಎಂಜಿನ್ನಿನ ಬಲ ಜಾಸ್ತಿಯಾದರೆ ಪಟ್ಟೆ ಜಾರಿ ಸುಮ್ಮನಾಗುತ್ತದೆ. ಅಂಟು ದ್ರಾವಣ ಎರಚಿದ ಡಾಂಬರಿನಲ್ಲಿ ರಬ್ಬರು ಗಟ್ಟಿಯಾಗಿ ಕಚ್ಚಿಕೊಳ್ಳುವುದರಿಂದ ಆ ಬಲ ಬಂಡಿಯ ಮೂತಿಯನ್ನೇ ಮೇಲೆತ್ತುತ್ತದೆ. ಸಸ್ಪೆನ್ಷನ್ನಿನ ಮುಂಭಾಗದಲ್ಲಿ ಒಂದು ಪಟ್ಟಿಯಿರುತ್ತದೆ. ಅದನ್ನು ಬಿಗಿ ಮಾಡಿದರೆ ಮೂತಿ ಕೆಳಗೇ ಉಳಿಯುತ್ತದೆ, ಸಡಿಲ ಬಿಟ್ಟರೆ ಭಾರ ಹಿಂದಕ್ಕೆ ಸರಿಯುತ್ತದೆ. ಭಾರ ಹಿಂದಿದ್ದಷ್ಟೂ ಪಟ್ಟೆಗೆ ಹಿಡಿತ ಹೆಚ್ಚು. ಆದರೆ ಮುಂದಿನ ಚಕ್ರ ನೆಲ ಬಿಟ್ಟರೆ ಸವಾರನ ಕೈಯಲ್ಲಿ ಏನೂ ಇರುವುದಿಲ್ಲ. ಇಡೀ ಭಾರ ಪಟ್ಟೆಯ ಮೇಲಿದ್ದು ಘರ್ಷಣಾಂಕ 1 ಇದ್ದರೆ 660 ಅಡಿ ದಾಟಲು ಸುಮಾರು 6.4 ಸೆಕೆಂಡು ಸಾಕು. ಗುರಿ ಮುಟ್ಟುವಾಗ ವೇಗ ಗಂಟೆಗೆ 226 ಕಿ.ಮೀ. ಆಗಿರುತ್ತದೆ. ಇದು ಎಂಜಿನ್ನಿನ ಅಶ್ವಶಕ್ತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ, ಬರೀ ಹಿಡಿತದ ಲೆಕ್ಕ.

ಪಟ್ಟೆಯ ತೂಕದ ಲೆಕ್ಕ ಇನ್ನೂ ಸೊಗಸಾಗಿದೆ. ಬಂಡಿ ಗಂಟೆಗೆ 200 ಕಿ.ಮೀ. ಓಡುವಾಗ ಪಟ್ಟೆಯ ಕೆಳಭಾಗ ನೆಲಕ್ಕೆ ಅಂಟಿ ನಿಂತೇ ಇರುತ್ತದೆ, ಮೇಲ್ಭಾಗ 400 ಕಿ.ಮೀ. ವೇಗದಲ್ಲಿ ಮುಂದಕ್ಕೆ ಧಾವಿಸುತ್ತಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಪಟ್ಟೆಯ ಒಂದು ಕಿಲೋ ತೂಕಕ್ಕೆ ಬಂಡಿಯ ಮೇಲಿನ ಎರಡು ಕಿಲೋ ತೂಕದಷ್ಟು ಶಕ್ತಿ ಖರ್ಚಾಗುತ್ತದೆ. ಹಿಮ ಅಗೆಯುವ ರಬ್ಬರ್ ಹಲ್ಲುಗಳಿಗೆ ಇಲ್ಲಿ ಕೆಲಸವಿಲ್ಲ. ಅವು ಬಾಗಿ ಬಳುಕಿ ಬಲ ತಿನ್ನುತ್ತವೆ. ಗಿಡ್ಡ ಹಲ್ಲಿನ ಹಗುರ ಪಟ್ಟೆ ಹಾಕಲು ಇದೇ ಕಾರಣ.

ಇಷ್ಟೆಲ್ಲ ಮಾಡಿದರೂ ಪಂದ್ಯ ಗೆಲ್ಲಿಸುವುದು ಕ್ಲಚ್ ಎಂಬುದು ನನ್ನ ಅಭಿಪ್ರಾಯ. 1980ರ ದಶಕದ ಕೈನೆಟಿಕ್ ಹೋಂಡಾದಿಂದ ಇಂದಿನ ಆಕ್ಟಿವಾದವರೆಗೆ ನಮ್ಮ ಗೇರ್‌ಲೆಸ್ ಸ್ಕೂಟರುಗಳಲ್ಲಿರುವ ತತ್ತ್ವವೇ ಇದರಲ್ಲೂ ಇದೆ: ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಎಂಜಿನ್ ವೇಗ ಏರಿದಂತೆ ಮುಂದಿನ ಪುಲ್ಲಿಯೊಳಗಿನ ತೂಕಗಳು ಹೊರಕ್ಕೆ ಚಿಮ್ಮಿ, ಸ್ಪ್ರಿಂಗನ್ನು ಮಣಿಸಿ, ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತರುತ್ತವೆ. ಬೆಲ್ಟ್ ಅಂಚಿಗೆ ಏರಿದಂತೆ ಗೇರ್ ಅನುಪಾತ ತಾನಾಗಿ ಬದಲಾಗುತ್ತದೆ. ತೂಕ ಹೆಚ್ಚಿಸಿದರೆ ಅನುಪಾತ ಬೇಗ ಬದಲಾಗಿ ಎಂಜಿನ್ ವೇಗ ಇಳಿಯುತ್ತದೆ, ತಗ್ಗಿಸಿದರೆ ಏರುತ್ತದೆ. ಇದರ ಗುರಿ ಒಂದೇ. ಎಂಜಿನ್ ಅತಿಹೆಚ್ಚು ಶಕ್ತಿ ಕೊಡುವ ವೇಗ ಯಾವುದೋ, ಉದಾಹರಣೆಗೆ ನಿಮಿಷಕ್ಕೆ 8,000 ಸುತ್ತು, ಮೊದಲ ಅಡಿಯಿಂದ ಕೊನೆಯ ಅಡಿಯವರೆಗೂ ಅದು ಅಲ್ಲೇ ನಿಂತಿರಬೇಕು.

ಅದಕ್ಕೆ ಅಡ್ಡ ಬರುವುದು ಎಕ್ಸಾಸ್ಟ್ ಪೈಪು. ಟೂ-ಸ್ಟ್ರೋಕ್ ಎಂಜಿನ್ನಿನ ಪೈಪು ನಡುವೆ ಉಬ್ಬಿ ತುದಿಯಲ್ಲಿ ಸಪೂರವಾಗುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ (MZ) ಬೈಕು ಕಾರ್ಖಾನೆಯ ವಾಲ್ಟರ್ ಕಾಡೆನ್ ಹದಗೊಳಿಸಿದ ವಿದ್ಯೆ ಇದು. ಸಪೂರ ತುದಿಗೆ ಬಡಿದು ಮರಳುವ ಒತ್ತಡದ ಅಲೆ, ಸಿಲಿಂಡರಿನಿಂದ ಸುಡದೆ ಹೊರಬಿದ್ದ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಅಲೆ ಸರಿಯಾದ ಕ್ಷಣಕ್ಕೆ ಬಂದರೆ ಮಾತ್ರ ಲಾಭ. ಆದರೆ ಪೈಪು ಬಿಸಿಯಾದಂತೆ ಅಲೆಯ ವೇಗವೂ ಹೆಚ್ಚುತ್ತದೆ. ಒಳಗಿನ ಅನಿಲ 400ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಶಬ್ದದ ವೇಗ ಶೇ. 7ರಷ್ಟು ಏರುತ್ತದೆ. ಎಂಜಿನ್ನಿಗೆ ಒಪ್ಪುವ ಸುತ್ತುಗಳ ಸಂಖ್ಯೆಯೂ ಅದರೊಂದಿಗೆ ಮೇಲಕ್ಕೆ ಸರಿಯುತ್ತದೆ. ಹೀಗಾಗಿ ಓಟಕ್ಕೆ ಮುನ್ನ ಪೈಪಿನ ಬಿಸಿ ಪ್ರತಿಸಲವೂ ಒಂದೇ ಇರಬೇಕು. ಇಲ್ಲದಿದ್ದರೆ ಕ್ಲಚ್ಚಿನ ತೂಕ ಬದಲಿಸಿದ್ದರ ಫಲ ಯಾವುದು, ಪೈಪಿನ ಬಿಸಿಯ ಫಲ ಯಾವುದು ಎಂದು ತಿಳಿಯುವುದೇ ಇಲ್ಲ.

ಗಾಳಿಯದೂ ಒಂದು ಪಾಲಿದೆ. ಮೈನಸ್ 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 30 ಡಿಗ್ರಿಯ ಗಾಳಿಯಲ್ಲಿ ಆಮ್ಲಜನಕ ಶೇ. 16ರಷ್ಟು ಕಡಿಮೆ. ಪೆಟ್ರೋಲಿನ ಅಳತೆ ನಿರ್ಧರಿಸುವ ಸಣ್ಣ ತೂತಿನ ಬಿಡಿಭಾಗವಾದ ಜೆಟ್ಟನ್ನು ಬದಲಿಸದೆ, ಚಳಿಗಾಲದ್ದನ್ನೇ ಕಾರ್ಬುರೇಟರಿನಲ್ಲಿ ಬಿಟ್ಟರೆ ಪೆಟ್ರೋಲು ಹೆಚ್ಚಾಗಿ ಶಕ್ತಿ ಸೋರುತ್ತದೆ. ಅತಿ ಸಣ್ಣ ಜೆಟ್ ಹಾಕಿದರೆ ಪಿಸ್ಟನ್ನೇ ಸುಟ್ಟು ತೂತಾಗಬಹುದು.

ಅನುಭವಿಗಳು ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡುತ್ತಾರೆ, ಆಮೇಲೆ ಸಮಯದ ಚೀಟಿ ನೋಡುತ್ತಾರೆ. ಚೀಟಿಯಲ್ಲಿ ಮೊದಲ 60 ಅಡಿಯ ಸಮಯ ಕೆಟ್ಟಿದ್ದರೆ ದೋಷ ಹಿಡಿತದಲ್ಲಿ ಅಥವಾ ಕ್ಲಚ್ ಬೆಲ್ಟನ್ನು ಕಚ್ಚುವ ಕ್ಷಣದಲ್ಲಿರುತ್ತದೆ. ಕೊನೆಯ ಭಾಗ ಕೆಟ್ಟಿದ್ದರೆ ಗೇರ್ ಅನುಪಾತವನ್ನೋ ಪೈಪನ್ನೋ ನೋಡಬೇಕು. ಬಂಡಿಯನ್ನು ಸ್ಟ್ಯಾಂಡಿಗೆತ್ತಿ ಪಟ್ಟೆ ತಿರುಗಿಸುವಾಗ ಹಿಂದೆ ಯಾರೂ ನಿಲ್ಲಬಾರದು. ತುಂಡಾದ ರಬ್ಬರು ಪ್ರಾಣಕ್ಕೇ ಎರವಾಗಬಹುದು.

ಇದೇ ಕ್ಲಚ್ ತತ್ತ್ವದ ನಿಮ್ಮ ಗೇರ್‌ಲೆಸ್ ಸ್ಕೂಟರಿನ ಎಂಜಿನ್ ಅಬ್ಬರಿಸುತ್ತಿದ್ದರೂ ಪಿಕಪ್ ಇಲ್ಲದಿದ್ದರೆ, ಮುಂದಿನ ಸರ್ವಿಸಿನಲ್ಲಿ ಬೆಲ್ಟನ್ನೂ ಪುಲ್ಲಿಯೊಳಗಿನ ತೂಕಗಳಾದ ರೋಲರುಗಳನ್ನೂ ಬಿಚ್ಚಿ ತೋರಿಸಲು ಮೆಕ್ಯಾನಿಕ್ಕಿಗೆ ಹೇಳಿ. ದುಂಡಗಿರಬೇಕಾದ ರೋಲರು ಒಂದು ಬದಿ ಸವೆದು ಚಪ್ಪಟೆಯಾಗಿದ್ದರೆ ಪೂರ್ತಿ ಸೆಟ್ಟನ್ನೇ ಬದಲಿಸಿ.