ಮಾರೂಫ್: ಯಾರಿಗೆ ಪರಿಚಿತ?

ಪವಿತ್ರ ಕುರ್‌ಆನ್ ಒಳಿತಿಗೆ ಮತ್ತೆ ಮತ್ತೆ ಬಳಸುವ ಪದ ‘ಮಾರೂಫ್’. ಕೆಡುಕಿಗೆ ‘ಮುನ್ಕರ್’. ಜುಮಾ ಖುತ್ಬಾಗಳಲ್ಲಿ ಈ ಜೋಡಿ ಪದಗಳನ್ನು ಕೇಳಿ ಕೇಳಿ ನಮ್ಮ ಕಿವಿಗೆ ರೂಢಿಯಾಗಿದೆ. ಆದರೆ ಅವುಗಳ ಮೂಲಾರ್ಥದ ಕಡೆಗೆ ಗಮನ ಹೋಗುವುದು ಕಡಿಮೆ. ಮಾರೂಫ್ ಎಂದರೆ ಗುರುತಿರುವುದು, ಪರಿಚಿತವಾದುದು. ಮುನ್ಕರ್ ಎಂದರೆ ಮನಸ್ಸು ಗುರುತಿಸದ, ಒಪ್ಪದ ಸಂಗತಿ. ಒಳಿತನ್ನು ಯಾರಾದರೂ ಬಂದು ಹೇಳಿಕೊಡುವ ಮೊದಲೇ ಅದರ ಗುರುತು ಮನುಷ್ಯನಲ್ಲಿದೆ ಎಂಬುದು ಈ ಪದದೊಳಗೇ ಅಡಗಿದೆ.

ಹಾಗಾದರೆ ಯಾರಿಗೆ ಪರಿಚಿತ? ಅರಬರಿಗೆ ಮಾತ್ರವೇ? ಮುಸ್ಲಿಮರಿಗೆ ಮಾತ್ರವೇ? ಭಾಷೆ, ಉಡುಗೆ, ಊಟ, ಮದುವೆ, ಮರಣದ ವಿಧಿ ಎಲ್ಲವೂ ಬೇರೆ ಬೇರೆಯಾಗಿರುವ ಜನರೊಳಗೆ ಒಂದೇ ಮಾನವ ಪ್ರಕೃತಿ ಇದೆಯೇ?

ಅರ್ರೂಮ್ ಅಧ್ಯಾಯದ 30ನೇ ಸೂಕ್ತವು, ಅಲ್ಲಾಹನು ಮನುಷ್ಯರೆಲ್ಲರನ್ನೂ ಒಂದು ಫಿತ್ರತ್, ಅಂದರೆ ಸಹಜ ಪ್ರಕೃತಿಯ ಮೇಲೆ ಸೃಷ್ಟಿಸಿದ್ದಾನೆ ಎನ್ನುತ್ತದೆ. ಅದಕ್ಕಿಂತ ಎಂಟು ಸೂಕ್ತ ಮೊದಲು, 22ನೆಯದರಲ್ಲಿ, ನಮ್ಮ ಭಾಷೆ ಮತ್ತು ಬಣ್ಣಗಳ ವ್ಯತ್ಯಾಸವೂ ಅವನ ದೃಷ್ಟಾಂತಗಳಲ್ಲಿ ಸೇರಿದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ.

ಪ್ರವಾದಿ(ಸ)ರವರು ಇದನ್ನು ದನಕರುಗಳ ಉದಾಹರಣೆಯಿಂದ ತಿಳಿಸಿದ್ದಾರೆ. ಪ್ರತಿ ಮಗುವೂ ಫಿತ್ರತ್ತಿನಲ್ಲೇ ಹುಟ್ಟುತ್ತದೆ, ಬಳಿಕ ಹೆತ್ತವರು ಅದನ್ನು ಒಂದೊಂದು ದಾರಿಗೆ ತಿರುಗಿಸುತ್ತಾರೆ. ಮರಿ ಹುಟ್ಟುವಾಗ ಅಂಗಾಂಗ ಪೂರ್ಣವಾಗಿಯೇ ಇರುತ್ತದೆ, ಕಿವಿ ಕತ್ತರಿಸಿದ ಮರಿ ಹುಟ್ಟಿದ್ದನ್ನು ನೀವು ಕಂಡಿದ್ದೀರಾ ಎಂಬುದು ಆ ಹದೀಸಿನ ಸಾರ. ಕೇಳುತ್ತಿದ್ದವರಿಗೆ ಇದು ಕೂಡಲೇ ತಟ್ಟಿರಬೇಕು. ಒಂಟೆಯ ಕಿವಿ ಸೀಳಿ ದೇವರುಗಳ ಹೆಸರಿನಲ್ಲಿ ಬಿಡುವುದು ಅರಬರ ಹಳೆಯ ಪದ್ಧತಿ. ಅಲ್‌ಮಾಇದಾ ಅಧ್ಯಾಯದ 103ನೇ ಸೂಕ್ತ ಅದನ್ನು ತಳ್ಳಿಹಾಕಿದೆ. ಸೀಳು ಮಾಡಿದ್ದು ಮನುಷ್ಯನ ಕೈ. ಆದರೆ ತಲೆಮಾರಿನಿಂದ ನೋಡುತ್ತಾ ಬಂದವನಿಗೆ ಒಂಟೆಯ ಕಿವಿ ಇರುವುದೇ ಹಾಗೆ ಅನ್ನಿಸಿಬಿಡುತ್ತದೆ.

ವಹ್ಯ್ ಬರುವ ಮೊದಲಿನ ಮಕ್ಕಾವನ್ನೇ ನೋಡಿ. ಯಮನಿನ ಝುಬೈದ್ ಗೋತ್ರದ ವ್ಯಾಪಾರಿಯೊಬ್ಬ ತನ್ನ ಸರಕನ್ನು ಖುರೈಷ್ ಮುಖಂಡ ಆಸ್ ಬಿನ್ ವಾಇಲ್‌ಗೆ ಮಾರಿದ. ಆಸ್ ಹಣ ಕೊಡಲಿಲ್ಲ. ಪರಊರಿನವನಿಗೆ ಬೆಂಬಲವಾಗಿ ಯಾರೂ ಬರಲಿಲ್ಲ. ಅವನು ಅಬೂ ಖುಬೈಸ್ ಬೆಟ್ಟ ಹತ್ತಿ, ಕಅಬಾದ ಬಳಿ ಕುಳಿತಿದ್ದ ಖುರೈಷರಿಗೆ ಕೇಳುವಂತೆ ತನ್ನ ಗೋಳನ್ನು ಕೂಗಿ ಹೇಳಿದ. ಆಗ ಕೆಲವು ಗೋತ್ರದವರು ಅಬ್ದುಲ್ಲಾ ಬಿನ್ ಜುದ್ಆನ್‌ರ ಮನೆಯಲ್ಲಿ ಸೇರಿ, ಮಕ್ಕಾದಲ್ಲಿ ಯಾರಿಗೆ ಅನ್ಯಾಯವಾದರೂ ಅವನ ಹಕ್ಕು ಸಿಗುವವರೆಗೆ ಒಟ್ಟಾಗಿ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ವ್ಯಾಪಾರಿಗೆ ಅವನದ್ದು ಸಿಕ್ಕಿತು. ಇದೇ ಹಿಲ್ಫುಲ್ ಫುಝೂಲ್. ಆಗ ಸುಮಾರು 20ರ ಪ್ರಾಯದವರಾಗಿದ್ದ ಪ್ರವಾದಿ(ಸ)ರವರು ಅಲ್ಲಿದ್ದರು. ಪ್ರತಿಜ್ಞೆ ಮಾಡಿದವರ ಬಳಿ ಗ್ರಂಥವಿರಲಿಲ್ಲ. ಆದರೂ ಅನ್ಯಾಯ ಕಂಡಾಗ ಅದು ಅನ್ಯಾಯವೆಂದು ಗೊತ್ತಾಯಿತು.

ಅದೇ ಕಾಲದ ಅರಬರಲ್ಲೇ ಕೆಲವರು ಹೆಣ್ಣುಮಗುವನ್ನು ಜೀವಂತ ಹೂಳುತ್ತಿದ್ದರು. ಫಿತ್ರತ್ ಒಂದೇ ಆಗಿದ್ದರೆ ಇದು ಹೇಗೆ ಎಂದು ಕೇಳುವವರು ಅನ್ನಹ್ಲ್ ಅಧ್ಯಾಯದ 58 ಮತ್ತು 59ನೇ ಸೂಕ್ತಗಳನ್ನು ನಿಧಾನವಾಗಿ ಓದಬೇಕು. ಹೆಣ್ಣು ಹುಟ್ಟಿದ ಸುದ್ದಿ ಕೇಳಿದ ತಂದೆಯ ಮುಖ ಕಪ್ಪಿಡುತ್ತದೆ, ಅವನು ಜನರಿಂದ ಅಡಗುತ್ತಾನೆ, ಅವಮಾನ ಸಹಿಸಿ ಉಳಿಸಿಕೊಳ್ಳಲೇ, ಮಣ್ಣಿನಲ್ಲಿ ಹೂಳಲೇ ಎಂದು ಒಳಗೇ ತೊಳಲಾಡುತ್ತಾನೆ. ಆ ತೊಳಲಾಟ ಎಲ್ಲಿಂದ ಬಂತು? ಅವಮಾನದ ಭಯ ಊರವರು ಕೊಟ್ಟದ್ದು. ಮಗುವನ್ನು ಉಳಿಸಿಕೊಳ್ಳಬೇಕೆನ್ನುವ ದನಿಯನ್ನು ಯಾರೂ ಕೊಟ್ಟದ್ದಲ್ಲ. ಪದ್ಧತಿ ಫಿತ್ರತ್ತನ್ನು ಮುಚ್ಚಿಹಾಕಬಲ್ಲದು, ಆದರೆ ಕೊಂದುಹಾಕಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಕಂಡಿಲ್ಲ.

ಈಚಿನ ಸಂಶೋಧನೆಯೂ ಇದರ ಹತ್ತಿರಕ್ಕೆ ಬರುತ್ತದೆ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 15 ಸಣ್ಣ ಸಮುದಾಯಗಳಲ್ಲಿ ಒಂದು ಆಟ ಆಡಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬನಿಗೆ ಹಣ ಕೊಟ್ಟು, ಗುರುತಿಲ್ಲದ ಇನ್ನೊಬ್ಬನಿಗೆ ಎಷ್ಟು ಪಾಲು ಕೊಡುತ್ತೀ ಎಂದು ಕೇಳುತ್ತಾರೆ. ಎರಡನೆಯವನು ಒಪ್ಪಿದರೆ ಇಬ್ಬರಿಗೂ ಹಣ, ನಿರಾಕರಿಸಿದರೆ ಇಬ್ಬರಿಗೂ ಇಲ್ಲ. ಬರೀ ಸ್ವಾರ್ಥದ ಲೆಕ್ಕವಾದರೆ ಒಂದು ಬಿಲ್ಲೆ ಕೊಟ್ಟರೂ ಸಾಕು. ಯಾವ ಸಮುದಾಯವೂ ಆ ಲೆಕ್ಕದಂತೆ ನಡೆಯಲಿಲ್ಲ. ಆದರೆ ಅಳತೆ ಬೇರೆ ಬೇರೆ. ಪೆರುವಿನ ಕಾಡಿನ ಮಚಿಗೆಂಗಾ ಜನ ಸರಾಸರಿ ಕಾಲು ಭಾಗದಷ್ಟು ಕೊಟ್ಟರು. ಒಟ್ಟಾಗಿ ತಿಮಿಂಗಿಲ ಬೇಟೆಯಾಡಿ ಹಂಚಿಕೊಳ್ಳುವ ಇಂಡೋನೇಷ್ಯಾದ ಲಮಲೆರಾದವರು ಅರ್ಧಕ್ಕಿಂತ ಹೆಚ್ಚು ಕೊಟ್ಟರು. ಪಪುವಾ ನ್ಯೂಗಿನಿಯ ಕೆಲವರು ಅರ್ಧಕ್ಕಿಂತ ಹೆಚ್ಚು ಬಂದಾಗಲೂ ಬೇಡವೆಂದರು, ಏಕೆಂದರೆ ಅಲ್ಲಿ ದೊಡ್ಡ ಕೊಡುಗೆ ಎಂದರೆ ದೊಡ್ಡ ಋಣ. ಹಂಚಬೇಕೆಂಬ ಅರಿವು ಎಲ್ಲೆಡೆ ಇದೆ, ಎಷ್ಟು ಮತ್ತು ಹೇಗೆ ಎಂಬುದನ್ನು ಬದುಕು ಕಲಿಸುತ್ತದೆ.

1377ರಲ್ಲಿ ಮುಖದ್ದಿಮಾ ಬರೆದ ಇಬ್ನ್ ಖಲ್ದೂನ್ ಮನುಷ್ಯನನ್ನು ಅವನ ರೂಢಿಗಳ ಮಗುವೆಂದು ಕಂಡರು. ಮೇಲಿನ ಹದೀಸಿಗೆ ಇದು ವಿರುದ್ಧವಲ್ಲ. ಹೆತ್ತವರ ಪಾಲನ್ನು ಹದೀಸೇ ಹೇಳಿದೆ.

ನಮ್ಮ ಮನೆಗಳಿಗೆ ಬಂದರೆ, ಭಟ್ಕಳದ ನವಾಯತರು, ಕರಾವಳಿಯ ಬ್ಯಾರಿಗಳು, ದಖ್ಖನಿ ಉರ್ದು ಆಡುವವರು, ಉತ್ತರ ಕರ್ನಾಟಕದ ನದಾಫರು, ಇವರ ಅಡುಗೆ, ಮದುವೆಯ ಶಾಸ್ತ್ರ ಒಂದೇ ಅಲ್ಲ. ಧರ್ಮದ ಆದೇಶಕ್ಕೆ ವಿರುದ್ಧವಲ್ಲದ ರೂಢಿಯನ್ನು ನಮ್ಮ ಫುಖಹಾಗಳು ಮಾನ್ಯ ಮಾಡಿದ್ದಾರೆ. ಹೀಗಿರುವಾಗ ಬೇರೆ ಕಡೆಯಿಂದ ಬಂದ ಸೊಸೆಯ ಸಾರಿನ ರುಚಿಗೆ ಅವಳ ಗುಣ ಅಳೆಯುವುದೇಕೆ? ಆದರೆ ವರದಕ್ಷಿಣೆಯನ್ನೂ ‘ನಮ್ಮಲ್ಲಿ ಹಾಗೆಯೇ’ ಎಂದು ಇದೇ ಸಾಲಿಗೆ ಸೇರಿಸುವವರಿದ್ದಾರೆ. ಅದು ಕಿವಿಯ ಸೀಳು. ಹೆಣ್ಣಿನ ತಂದೆ ನಿದ್ದೆಯಿಲ್ಲದೆ ಹೊರಳುವ ರಾತ್ರಿಗೂ ಅನ್ನಹ್ಲ್ ಅಧ್ಯಾಯದ ಆ ತಂದೆಯ ತೊಳಲಾಟಕ್ಕೂ ದೂರ ಹೆಚ್ಚಿಲ್ಲ. ಇನ್ನು ‘ಆ ಜನರ ಹುಟ್ಟೇ ಹಾಗೆ’ ಎಂಬ ಮಾತನ್ನು, ಅದು ಯಾವ ಜನರ ಬಗ್ಗೆಯೇ ಇರಲಿ, ಫಿತ್ರತ್ತಿನ ಹದೀಸನ್ನು ನಂಬುವವರು ಆಡುವಂತಿಲ್ಲ.

ಪ್ರವಾದಿತ್ವದ ನಂತರವೂ ಪ್ರವಾದಿ(ಸ)ರವರು ಹಿಲ್ಫುಲ್ ಫುಝೂಲನ್ನು ಮೆಚ್ಚಿ ನೆನೆದರು, ಅಂಥದ್ದಕ್ಕೆ ಈಗ ಕರೆದರೂ ಓಗೊಡುವೆನೆಂದರು. ದಶಕಗಳ ನಂತರ ಹುಸೈನ್(ರ)ರವರಿಗೂ ಮದೀನಾದ ರಾಜ್ಯಪಾಲ ವಲೀದ್ ಬಿನ್ ಉತ್ಬಾನಿಗೂ ಆಸ್ತಿಯೊಂದರ ವಿಷಯದಲ್ಲಿ ತಕರಾರು ಬಂದುದನ್ನು ಇಬ್ನ್ ಹಿಶಾಮ್ ದಾಖಲಿಸಿದ್ದಾರೆ. ನನ್ನ ಹಕ್ಕು ಕೊಡು, ಇಲ್ಲವಾದರೆ ಪ್ರವಾದಿ(ಸ)ರ ಮಸೀದಿಯಲ್ಲಿ ನಿಂತು ಹಿಲ್ಫುಲ್ ಫುಝೂಲ್‌ಗೆ ಕರೆ ಕೊಡುವೆ ಎಂದರು ಹುಸೈನ್(ರ). ಅಬ್ದುಲ್ಲಾ ಬಿನ್ ಝುಬೈರ್(ರ) ತಾನೂ ಜೊತೆಗೆ ನಿಲ್ಲುವೆನೆಂದರು, ಮತ್ತೆ ಕೆಲವರೂ ಹಾಗೆಯೇ ಹೇಳಿದರು. ಸುದ್ದಿ ತಲುಪಿದಾಗ ವಲೀದ್ ಅವರ ಹಕ್ಕನ್ನು ಕೊಟ್ಟುಬಿಟ್ಟ.