ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದೇಕೆ? ಪಿಎಚ್‌ಪಿ ಜಾಲತಾಣಗಳ ರೋಗನಿದಾನ

ಹೊರನಾಡಿನ ಅನೇಕ ಕನ್ನಡ ಸಂಘಗಳ ಜಾಲತಾಣಗಳ ಹಿಂದೆ ಇರುವುದು ಪಿಎಚ್‌ಪಿ ಎಂಬ ಭಾಷೆ. ವರ್ಡ್‌ಪ್ರೆಸ್, ಜೂಮ್ಲಾ, ದ್ರುಪಲ್ ಇವೆಲ್ಲ ಅದರಲ್ಲೇ ಬರೆದ ತಂತ್ರಾಂಶಗಳು. ರಾಸ್ಮಸ್ ಲೆರ್ಡಾರ್ಫ್ ಎಂಬುವರು ತಮ್ಮ ಸ್ವಂತ ಪುಟಕ್ಕಾಗಿ ಮಾಡಿಕೊಂಡ ಸಲಕರಣೆಗಳನ್ನು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಾಗ ಇದು ಹುಟ್ಟಿತು. ಆಗ ಅವರ ಮುಂದಿದ್ದುದು ರೋಮನ್ ಲಿಪಿ. ಕನ್ನಡ ಬರೆಯುವ ನಮಗೆ ದಿನನಿತ್ಯ ಎದುರಾಗುವ ತೊಂದರೆಗಳಲ್ಲಿ ಹಲವು ಆ ಹುಟ್ಟಿನಿಂದ ಬಂದವು.

ನಾನು ವೈದ್ಯ, ಇಂಜಿನಿಯರ್ ಅಲ್ಲ. ನಿವೃತ್ತನಾದ ಮೇಲೆ ನಮ್ಮ ಸಂಘದ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಸ್ಥಾಪಕ ಸದಸ್ಯರ ಪಟ್ಟಿ, ಅಗಲಿದವರ ಸ್ಮರಣೆಯ ಪುಟ, ಹಳೆಯ ಸಂಚಿಕೆಗಳ ಕವನಗಳು ಎಲ್ಲ ಅದರಲ್ಲಿವೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಯಾರಿಗೋ ಸೇರಬೇಕಾದ ರಕ್ತ ಇನ್ಯಾರಿಗೋ ಸೇರಬಹುದು ಎಂಬುದನ್ನು ಆಸ್ಪತ್ರೆಯಲ್ಲಿ ಕಲಿತವನಿಗೆ, ಹೆಸರು ಅಳಿಸಿಹೋಗುವುದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಆದ್ದರಿಂದ ಈ ತೊಂದರೆಗಳನ್ನು ರೋಗಲಕ್ಷಣ, ಪರೀಕ್ಷೆ, ಚಿಕಿತ್ಸೆ ಎಂಬ ಕ್ರಮದಲ್ಲೇ ವಿವರಿಸುತ್ತೇನೆ.

ಮೊದಲು ಅಂಗರಚನೆ

ಯೂನಿಕೋಡ್ ಎಂಬುದು ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆ. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಇದೆ. ಆ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಒಂದು ವಿಧಾನ ಯುಟಿಎಫ್-8. ಇದನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಇದರಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು.

‘ಕನ್ನಡ’ ಎಂಬ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿಗೆ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂದು ಐದು. ಪಿಎಚ್‌ಪಿಯ ಸಾಮಾನ್ಯ ಉದ್ದ ಎಣಿಸುವ ಫಂಕ್ಷನ್ ಆದ ‘ಸ್ಟ್ರ್‌ಲೆನ್’ ಹದಿನೈದು ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಬೈಟ್‌ಗಳನ್ನು. ಪಿಎಚ್‌ಪಿಯನ್ನು ಒಳಗಿನಿಂದಲೇ ಯೂನಿಕೋಡ್‌ಮಯ ಮಾಡಲು ಆರನೆಯ ಆವೃತ್ತಿಯಲ್ಲಿ ದೊಡ್ಡ ಪ್ರಯತ್ನ ನಡೆದು, 2010ರಲ್ಲಿ ಕೈಬಿಡಲಾಯಿತು. ಐದರಿಂದ ನೇರವಾಗಿ ಏಳಕ್ಕೆ ಹಾರಿದ ಭಾಷೆ ಇದು. ಆ ಕೊರತೆಯನ್ನು ಇಂದಿಗೂ ನಾವು ಹೊರಗಿನಿಂದ ತುಂಬಿಕೊಳ್ಳಬೇಕು.

ಲಕ್ಷಣಗಳು

ಕನ್ನಡ ಕೆಟ್ಟಿದೆ ಎಂದು ದೂರು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹೇಗೆ ಕೆಟ್ಟಿದೆ? ಲಕ್ಷಣಗಳು ಐದು ಬಗೆ.

ಖಾಲಿ ಚೌಕಗಳು ಕಂಡರೆ ನೋಡುವವರ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ಜಾಲತಾಣ ಆರೋಗ್ಯವಾಗಿದೆ.

ತಲೆಯ ಮೇಲೆ ಗೀಟಿರುವ ರೋಮನ್ ‘ಎ’ ಮತ್ತೆ ಮತ್ತೆ ಬಂದರೆ, ಯುಟಿಎಫ್-8 ಬೈಟ್‌ಗಳನ್ನು ಯಾರೋ ನಡುವೆ ‘ಲ್ಯಾಟಿನ್1’ ಎಂದು ಓದಿದ್ದಾರೆ. ಬಹುತೇಕ ಗುಣವಾಗುವ ಕಾಯಿಲೆ.

ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಕನ್ನಡಕ್ಕೆ ಜಾಗವೇ ಇಲ್ಲದ ಪಾತ್ರೆಗೆ ಕನ್ನಡವನ್ನು ಸುರಿಯಲಾಗಿದೆ. ಇದು ಗಂಭೀರವಿರಬಹುದು.

ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ, ಒಂದು ಚಿಹ್ನೆಯ ಮೂರು ಬೈಟ್‌ಗಳ ನಡುವೆ ಕತ್ತರಿ ಬಿದ್ದಿರುವ ಸಂಭವ ಹೆಚ್ಚು.

ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪು ಕಂಡರೆ, ಅದು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಠ್ಯ. ಅಲ್ಲಿ ರೋಮನ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಪಿಎಚ್‌ಪಿಯ ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಸರಿಯಾಗದು. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶವೇ ಬೇಕು.

ರಕ್ತಪರೀಕ್ಷೆ

ಕಣ್ಣಿಗೆ ಕಾಣುವುದನ್ನಷ್ಟೇ ನಂಬಬಾರದು. ಪ್ರಶ್ನಾರ್ಥಕ ಚಿಹ್ನೆ ಪರದೆಯ ಮೇಲಿದೆ ಎಂದ ಮಾತ್ರಕ್ಕೆ ಡೇಟಾಬೇಸಿನಲ್ಲೂ ಅದೇ ಇದೆ ಎಂದಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ‘ಹೆಕ್ಸ್’ ಎಂಬ ಫಂಕ್ಷನ್ ಇದೆ. ಕಾಲಂನಲ್ಲಿ ನಿಜವಾಗಿ ಯಾವ ಬೈಟ್‌ಗಳಿವೆ ಎಂದು ಅದು ತೋರಿಸುತ್ತದೆ. ‘ಕ’ ಇರಬೇಕಾದ ಕಡೆ ಮೂರು ಫಲಿತಾಂಶ ಬರಬಹುದು.

‘ಇ0 ಬಿ2 95’ ಎಂದು ಬಂದರೆ ಬೈಟ್‌ಗಳು ಆರೋಗ್ಯವಾಗಿವೆ. ‘ಸಿ3 ಎ0 ಸಿ2 ಬಿ2’ ಎಂದು ಶುರುವಾದರೆ ಯುಟಿಎಫ್-8 ಮೇಲೆ ಇನ್ನೊಮ್ಮೆ ಯುಟಿಎಫ್-8 ಬಳಿಯಲಾಗಿದೆ. ‘3ಎಫ್’ ಎಂದಿದ್ದರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆ. ಅಕ್ಷರ ಹೋಯಿತು, ಯಾವ ಚಿಕಿತ್ಸೆಯೂ ಅದನ್ನು ಮರಳಿ ತರದು. ಹಳೆಯ ಬ್ಯಾಕಪ್ ಅಥವಾ ಅಚ್ಚಾದ ಸಂಚಿಕೆಯೇ ಗತಿ.

ಹತ್ತು ವರ್ಷ ಚೆನ್ನಾಗಿದ್ದ ತಾಣ ಸರ್ವರ್ ಬದಲಿಸಿದ ಮರುದಿನ ಕೆಡುವುದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮೈಎಸ್‌ಕ್ಯೂಎಲ್ 8.0 ಬರುವವರೆಗೆ, ಅಂದರೆ 2018ರವರೆಗೆ, ಅದರ ಹುಟ್ಟು ಸೆಟ್ಟಿಂಗ್ ಲ್ಯಾಟಿನ್1 ಆಗಿತ್ತು. ಕಾಲಂ ಲ್ಯಾಟಿನ್1, ಪಿಎಚ್‌ಪಿಯ ಸಂಪರ್ಕವೂ ಲ್ಯಾಟಿನ್1. ಕನ್ನಡದ ಬೈಟ್‌ಗಳು ಯಾರ ಕಣ್ಣಿಗೂ ಬೀಳದೆ ಹಾಗೇ ಒಳಗೆ ಹೋಗಿ ಹಾಗೇ ಹೊರಗೆ ಬರುತ್ತಿದ್ದವು. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿದ್ದವು. ಹೊಸ ಸರ್ವರ್‌ನಲ್ಲಿ ಸಂಪರ್ಕ ಮಾತ್ರ ಸರಿಯಾಯಿತು, ಆಗ ಉಳಿದ ಒಂದು ತಪ್ಪು ಬಯಲಾಯಿತು. ದೇಹ ಹೇಗೋ ಸರಿದೂಗಿಸಿಕೊಂಡು ಬಂದ ಕಾಯಿಲೆ ಒಂದು ದಿನ ಹೊರಬೀಳುವ ಹಾಗೆ.

ಚಿಕಿತ್ಸೆ

ಎಲ್ಲಕ್ಕೂ ಮೊದಲು ಪೂರ್ಣ ಬ್ಯಾಕಪ್. ಪ್ರಯೋಗವೆಲ್ಲ ಪ್ರತಿಯ ಮೇಲೆ.

ಬೈಟ್ ಸರಿಯಿದ್ದು ಕಾಲಂನ ಹಣೆಪಟ್ಟಿ ಮಾತ್ರ ಲ್ಯಾಟಿನ್1 ಆಗಿದ್ದರೆ, ಕಾಲಂ ಅನ್ನು ಮೊದಲು ಬೈನರಿಗೆ, ಆಮೇಲೆ ‘ಯುಟಿಎಫ್8ಎಂಬಿ4’ಗೆ ಬದಲಿಸಬೇಕು. ನೇರವಾಗಿ ಪರಿವರ್ತಿಸಿದರೆ ಮೈಎಸ್‌ಕ್ಯೂಎಲ್ ಹಣೆಪಟ್ಟಿಯನ್ನು ನಂಬಿ ಆರೋಗ್ಯವಾದ ಬೈಟ್‌ಗಳನ್ನೇ ಕೆಡಿಸುತ್ತದೆ. ಎರಡು ಸಲ ಬಳಿದಿದ್ದರೆ ಒಂದು ಪದರ ಕೀಳಬೇಕು: ಲ್ಯಾಟಿನ್1, ಬೈನರಿ, ಯುಟಿಎಫ್8ಎಂಬಿ4 ಎಂಬ ಕ್ರಮದಲ್ಲಿ. ಬಳಿಕ ಪಿಎಚ್‌ಪಿಯ ಪಿಡಿಒ ಸಂಪರ್ಕದ ಸಾಲಿನಲ್ಲಿ ಯುಟಿಎಫ್8ಎಂಬಿ4 ಎಂದು ಸ್ಪಷ್ಟವಾಗಿ ಬರೆಯಬೇಕು.

ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಸಾಲದೇ? ಅದು ಮೂರು ಬೈಟ್‌ವರೆಗಿನ ಚಿಹ್ನೆಗಳನ್ನಷ್ಟೇ ಹಿಡಿಯುತ್ತದೆ. ಕನ್ನಡ ಹಿಡಿಸುತ್ತದೆ, ಎಮೋಜಿಗೆ ನಾಲ್ಕು ಬೈಟ್ ಬೇಕು. ಕಟ್ಟುನಿಟ್ಟಿನ ಮೋಡ್ ಇಲ್ಲದ ಸರ್ವರ್‌ನಲ್ಲಿ ಯಾರಾದರೂ ಶ್ರದ್ಧಾಂಜಲಿಯ ನಡುವೆ ಕೈಮುಗಿದ ಎಮೋಜಿ ಹಾಕಿದರೆ, ಅಲ್ಲಿಂದ ಮುಂದಿನ ಮಾತೆಲ್ಲ ಸದ್ದಿಲ್ಲದೆ ಮಾಯವಾಗುತ್ತದೆ.

ಕತ್ತರಿಯ ಗಾಯ

ಮುಖಪುಟದಲ್ಲಿ ಸುದ್ದಿಯ ಮೊದಲ ನೂರು ಅಕ್ಷರ ತೋರಿಸಲು ‘ಸಬ್‌ಸ್ಟ್ರ್’ ಬಳಸಿದರೆ ಅದು ನೂರು ಬೈಟ್ ಕತ್ತರಿಸುತ್ತದೆ. ಬರಿಯ ಕನ್ನಡ ಚಿಹ್ನೆಗಳಿದ್ದರೆ ಮೂವತ್ತಮೂರು ಬಂದು ಒಂದು ಬೈಟ್ ಅನಾಥವಾಗಿ ಉಳಿಯುತ್ತದೆ. ಆ ಒಂದು ಬೈಟ್‌ನಿಂದ ‘ಜೇಸನ್_ಎನ್‌ಕೋಡ್’ ಇಡೀ ಪಠ್ಯವನ್ನೇ ತಿರಸ್ಕರಿಸುತ್ತದೆ. ಪಿಎಚ್‌ಪಿ 8.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ‘ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್’ ಸಹ ಖಾಲಿ ಉತ್ತರ ಕೊಡುತ್ತದೆ. ದೋಷ ಒಂದು ಬೈಟ್‌ನದು, ಪುಟವೇ ಬಿಳಿ.

‘ಎಂಬಿ_ಸಬ್‌ಸ್ಟ್ರ್’ ಬಳಸಿದರೆ ಬೈಟ್ ಒಡೆಯದು, ಆದರೆ ಅಕ್ಷರ ಒಡೆಯುತ್ತದೆ. ‘ಪುಟ್ಟಮ್ಮ’ ಎಂಬಲ್ಲಿ ಎಂಟು ಚಿಹ್ನೆಗಳಿವೆ. ಆರಕ್ಕೆ ಕತ್ತರಿಸಿದರೆ ಉಳಿಯುವುದು ‘ಪುಟ್ಟಮ’. ‘ಇಂಟ್ಲ್’ ವಿಸ್ತರಣೆಯ ಗ್ರ್ಯಾಫೀಮ್ ಫಂಕ್ಷನ್‌ಗಳು ಕಾಗುಣಿತವನ್ನು ಕಾಪಾಡುತ್ತವೆ, ಒತ್ತಕ್ಷರವನ್ನು ಮಾತ್ರ ಬಿಡಿಸಿಬಿಡಬಲ್ಲವು. ನನ್ನ ಸಲಹೆ ಸರಳ: ವಾಕ್ಯವನ್ನು ಪದಗಳ ನಡುವಿನ ಖಾಲಿ ಜಾಗದಲ್ಲೇ ಕತ್ತರಿಸಿ. ಹೆಸರನ್ನು ಕತ್ತರಿಸಲೇಬೇಡಿ.

ಒಂದೇ ಹೆಸರು, ಎರಡು ದೇಹ

‘ಗೋಪಾಲ’ ಪಟ್ಟಿಯಲ್ಲಿದ್ದರೂ ಹುಡುಕಿದರೆ ಸಿಗುವುದಿಲ್ಲ ಎಂಬುದು ಇನ್ನೊಂದು ದೂರು. ‘ಗೋ’ದಲ್ಲಿರುವ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಒತ್ವ ಮತ್ತು ದೀರ್ಘ ಎಂದು ಎರಡಾಗಿಯೂ, ಇನ್ನೂ ಬಿಡಿಸಿ ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಪಿಎಚ್‌ಪಿಗೆ ಮೂರು ಬೇರೆ ಪದಗಳು. ಇಂಟ್ಲ್‌ನ ‘ನಾರ್ಮಲೈಸರ್’ ಇವನ್ನು ಒಂದೇ ರೂಪಕ್ಕೆ ತರುತ್ತದೆ.

ಜೊತೆಗೆ, ‘ರಾಜ್‌ಕುಮಾರ್’ ಎಂಬಲ್ಲಿ ಒತ್ತು ಮೂಡದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ. ಕೆಲವರ ಬೆರಳಚ್ಚಿನಲ್ಲಿ ಅದು ಪದದ ಕೊನೆಗೂ ಅಂಟಿಕೊಂಡು ಬರುತ್ತದೆ. ‘ಟ್ರಿಮ್’ ಅದನ್ನು ತೆಗೆಯದು. ಹಾಗೆಂದು ಎಲ್ಲ ಕಡೆ ಅಳಿಸಿದರೆ ಹೆಸರಿನ ರೂಪವೇ ಕೆಡುತ್ತದೆ. ಸದಸ್ಯರು ಬರೆದ ಹೆಸರನ್ನು ಹಾಗೇ ಇಟ್ಟು, ಹುಡುಕಲಿಕ್ಕೆಂದೇ ಶುಚಿಮಾಡಿದ ಇನ್ನೊಂದು ಕಾಲಂ ಇಟ್ಟುಕೊಳ್ಳುವುದು ಕ್ಷೇಮ.

ತಮ್ಮ ಸಂಘದ ತಾಣವನ್ನು ಹೊಸ ಸರ್ವರ್‌ಗೆ ಸಾಗಿಸುವ ಮುನ್ನ ‘ಶ್ರೀಕೃಷ್ಣ ಗೋಪಾಲ್‌ರಾವ್’ ಎಂಬ ಹೆಸರನ್ನೂ ಅದರ ಮುಂದೊಂದು ಎಮೋಜಿಯನ್ನೂ ಪರೀಕ್ಷೆಗಾಗಿ ಸೇರಿಸಿ. ಒತ್ತು, ದೀರ್ಘ, ಕಾಣದ ಚಿಹ್ನೆ, ನಾಲ್ಕು ಬೈಟ್ ಎಲ್ಲವೂ ಅದರಲ್ಲಿವೆ. ಉಳಿಸಿ, ತೆರೆದು, ಹುಡುಕಿ, ಹೆಕ್ಸ್ ನೋಡಿ. ನಾಲ್ಕರಲ್ಲೂ ಅದು ಸುರಕ್ಷಿತವಾಗಿ ಬಂದರೆ ಮಾತ್ರ ಹಿರಿಯರ ಹೆಸರುಗಳನ್ನು ಸಾಗಿಸಿ. ಹಳೆಯ ಸರ್ವರ್‌ನ ಬ್ಯಾಕಪ್ ಅನ್ನು ಅದಾದ ಮೇಲೂ ಅಳಿಸಬೇಡಿ.